169.254 ಕಂಡರೆ
ಮೊಬೈಲಿಗೆ ವೈಫೈ ಧಾರಾಳವಾಗಿ ಬರುತ್ತಿದೆ, ಅದೇ ರೌಟರಿಗೆ ಕೇಬಲ್ ಹಾಕಿದ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಇಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ನೋಡಿದರೆ ಐಪಿ ವಿಳಾಸ, ಅಂದರೆ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಅಂಕಿ, 169.254ರಿಂದ ಶುರುವಾಗಿದೆ. ಈ ಅಂಕಿ ಕಂಡರೆ ಅರ್ಧ ಕೆಲಸ ಮುಗಿದಂತೆ. ವಿಳಾಸ ಕೊಡಿ ಎಂದು ಕಂಪ್ಯೂಟರ್ ಕೂಗಿದೆ, ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಕಡೆಯಿಂದ ಯಾರೂ ಓಗೊಟ್ಟಿಲ್ಲ, ಕೊನೆಗೆ ತಾನೇ ಒಂದು ವಿಳಾಸ ಆರಿಸಿಕೊಂಡಿದೆ.

ಅದರ ಸೌಜನ್ಯ ನನಗೆ ಇಷ್ಟ. ಸಿಕ್ಕಿದ ಅಂಕಿಯನ್ನು ಸುಮ್ಮನೆ ಬಳಸುವುದಿಲ್ಲ. ಇದು ಬೇರೆ ಯಾರದಾದರೂ ಆಗಿದೆಯೇ ಎಂದು ಜಾಲದಲ್ಲಿ ಮೊದಲು ವಿಚಾರಿಸುತ್ತದೆ. ಆಮೇಲೂ ಆಸೆ ಬಿಡದೆ, ವಿಂಡೋಸ್ ಆದರೆ ಐದೈದು ನಿಮಿಷಕ್ಕೊಮ್ಮೆ, ರೌಟರನ್ನು ಮತ್ತೆ ಕೇಳುತ್ತದೆ. ನನಗೆ ಅಷ್ಟು ತಾಳ್ಮೆ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಐಪಿ ‘ಸ್ವಯಂಚಾಲಿತ’ ಎಂದೇ ಇತ್ತು. ಹಳೆಯ ವಿಳಾಸ ಬಿಟ್ಟು ಹೊಸದು ಕೇಳುವ ಆಜ್ಞೆ ಕೊಟ್ಟೆ, ರೌಟರನ್ನು ಆರಿಸಿ ಹಚ್ಚಿದೆ, ಫಲವಿಲ್ಲ. ಕೈಯಿಂದಲೇ ಒಂದು ಐಪಿ ತುಂಬಿಬಿಡು ಎಂಬ ಸಲಹೆಯೂ ಬಂತು. ಮಾತೇ ತಲುಪದ ದಾರಿಯಲ್ಲಿ ಅದರಿಂದ ಏನು ಪ್ರಯೋಜನ?

ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಾಗ ವಿಷಯ ತಿಳಿಯಿತು. ಕೇಬಲ್ ತುದಿಯ ಪುಟ್ಟ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಪ್ಲಗ್ ಒಳಗೆ ಕೂತಂತೆ ಕಂಡರೂ ಬೆರಳು ತಾಗಿದರೆ ಹಸಿರು ದೀಪ ಆರಿ ಹೊತ್ತುತ್ತಿತ್ತು. ಬೇರೆ ಕೇಬಲ್ ಸಿಕ್ಕಿಸಿದೊಡನೆ ರೌಟರಿನಿಂದಲೇ 192.168ರ ವಿಳಾಸ ಬಂತು. ಹಳೆಯದನ್ನು ಎಸೆದಿದ್ದೇನೆ, ಇಟ್ಟುಕೊಂಡರೆ ಮುಂದೊಂದು ದಿನ ಅದನ್ನೇ ಹುಡುಕಿ ಸಿಕ್ಕಿಸುತ್ತೇನೆ.