ಕುಂಕುಮ ಕಪ್ಪಾದ ದಿನ

ಅಜ್ಜಿ ಆ ಫೋಟೊವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಾಪೆಯ ಮೇಲೆ ಬೋರಲು ಹಾಕಿ ಪಕ್ಕಕ್ಕೆ ಸರಿಸಿದರು. “ತಂಗಿ, ನಾನು ಕರಿ ಬೊಟ್ಟು ಇಡುವುದಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಇನ್ನಷ್ಟು ಚುಚ್ಚಿತು.

ಕೊಪ್ಪಳದಲ್ಲಿ ಅಪ್ಪ ನಡೆಸುತ್ತಿದ್ದ ಸ್ಟುಡಿಯೊ ಹನ್ನೆರಡು ವರ್ಷಗಳಿಂದ ನನ್ನ ಕೈಯಲ್ಲಿದೆ. ಹೊಟ್ಟೆ ತುಂಬಿಸುವುದು ಮದುವೆ, ಸೀಮಂತ, ಪಾಸ್‌ಪೋರ್ಟ್ ಅಳತೆಯ ಫೋಟೊ. ಆದರೆ ಒಳಕೋಣೆಯಲ್ಲಿ ಅಪ್ಪನ ತೇಗದ ಮರದ ದೊಡ್ಡ ಕ್ಯಾಮೆರಾ ಇದೆ. ಶಾಲೆಯ ಮಕ್ಕಳನ್ನು ಸಾಲುಸಾಲಾಗಿ ಬೆಂಚಿನ ಮೇಲೆ ನಿಲ್ಲಿಸಿ ತೆಗೆಯುತ್ತಿದ್ದ ಗುಂಪು ಫೋಟೊಗಳೆಲ್ಲ ಅದರವು. ಫಿಲ್ಮಿನ ಅಳತೆ 6½ × 8½ ಇಂಚು. ಶಟರ್ ಇಲ್ಲ, ಲೆನ್ಸಿನ ಮುಚ್ಚಳ ತೆಗೆದು ಎಣಿಸಿ ಮತ್ತೆ ಮುಚ್ಚಬೇಕು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರೆ ಮಸುಕು ಗಾಜಿನ ಮೇಲೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಆ ಗಾಜಿನ ಮುಂದೆ ಕಳೆದ ಹೊತ್ತಿನಷ್ಟು ನೆಮ್ಮದಿ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಅದು ವಾಗೀಶ್ವರಿ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ಕೆ. ಕರುಣಾಕರನ್ ಎಂಬವರು ಇವುಗಳನ್ನು ಮಾಡಲು ಶುರು ಮಾಡಿದರು. ಅವರದು ಸಂಗೀತ ವಾದ್ಯಗಳ ಕೆಲಸದ ಮನೆತನ. ಯಾರದೋ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಇರುವ, ಮಡಿಕೆ ಮಡಿಕೆಯಾದ ತಿದಿ ಹರಿದಾಗ ಅದನ್ನು ಸರಿಪಡಿಸಿಕೊಟ್ಟ ಕೈಗಳು ಕೊನೆಗೆ ಇಡೀ ಕ್ಯಾಮೆರಾವನ್ನೇ ಮಾಡಿದವು. ಹಾರ್ಮೋನಿಯಂ ತಿದಿಗೂ ಕ್ಯಾಮೆರಾ ತಿದಿಗೂ ಮಡಿಕೆ ಹಾಕುವ ಜಾಣ್ಮೆ ಒಂದೇ. ಈ ಕಥೆ ತಿಳಿದಿದ್ದರಿಂದಲೇ ನಮ್ಮ ಕ್ಯಾಮೆರಾದ ತಿದಿ ಸೀಳಿದಾಗ ನಾನು ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಬಳಿ ಹೋದೆ. ಅವರು ತೆಳು ಚರ್ಮ, ರಟ್ಟು, ಕಪ್ಪು ಬಟ್ಟೆ ಸೇರಿಸಿ ಹೊಸದು ಕಟ್ಟಿಕೊಟ್ಟರು. ಇವತ್ತಿಗೂ ಬೆಳಕು ಸೋರಿಲ್ಲ. ಆದರೂ ಪ್ರತಿ ತಿಂಗಳು ರಾತ್ರಿ ದೀಪವಾರಿಸಿ, ತಿದಿಯ ಒಳಗೆ ಟಾರ್ಚ್ ಹಚ್ಚಿ, ಮಡಿಕೆ ಮಡಿಕೆಯನ್ನೂ ನೋಡುತ್ತೇನೆ. ಸೂಜಿಮೊನೆಯಷ್ಟು ತೂತಿದ್ದರೂ ಕತ್ತಲಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ತೂತು ಹೆಚ್ಚಾಗಿ ಮಡಿಕೆಯ ಮೂಲೆಯಲ್ಲೇ ಬೀಳುವುದು.

ನಮ್ಮ ಸೀಮೆಯಲ್ಲಿ ತಿದಿಗಿಂತ ದೊಡ್ಡ ಕಾಟ ಧೂಳು. ಫಿಲ್ಮನ್ನು ಹೋಲ್ಡರಿಗೆ ತುಂಬುವಾಗ ಒಂದು ಕಣ ಅಂಟಿಕೊಂಡರೂ ಅಲ್ಲಿಗೆ ಬೆಳಕು ತಾಗುವುದಿಲ್ಲ. ನೆಗೆಟಿವ್‌ನಲ್ಲಿ ಆ ಜಾಗ ಪಾರದರ್ಶಕವಾಗಿ ಉಳಿಯುತ್ತದೆ, ಮುದ್ರಿಸಿದಾಗ ಕಪ್ಪು ಚುಕ್ಕೆಯಾಗುತ್ತದೆ. ತೊಳೆದ ನೆಗೆಟಿವ್ ಮೇಲೆ ಕುಳಿತ ಧೂಳಾದರೆ ಬಿಳಿ ಚುಕ್ಕೆ ಕೊಡುತ್ತದೆ. ಅದನ್ನು ಸಣ್ಣ ಕುಂಚದಿಂದ ಬಣ್ಣ ತುಂಬಿ ಮುಚ್ಚಬಹುದು. ಕಪ್ಪು ಚುಕ್ಕೆಯನ್ನು ಮುಚ್ಚುವುದು ಬಹಳ ಕಷ್ಟ. ಹಾಗಾಗಿ ನಾನು ಫಿಲ್ಮ್ ತುಂಬುವುದು ನಸುಕಿನ ಐದಕ್ಕೆ, ಬಚ್ಚಲಮನೆಯಲ್ಲಿ. ನೆಲಕ್ಕೆ, ಗೋಡೆಗೆ ನೀರು ಚಿಮುಕಿಸಿ, ಅರ್ಧ ಗಂಟೆ ಬಾಗಿಲು ಮುಚ್ಚಿಟ್ಟು, ಆಮೇಲೆ ಒಳಗೆ ಹೋಗುತ್ತೇನೆ. ಫ್ಯಾನ್ ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಬೆವರ ಹನಿಯೊಂದು ಫಿಲ್ಮಿನ ಮೇಲೆ ಬಿದ್ದರೆ ಆ ಹಾಳೆ ಹೋದಂತೆಯೇ. ಅದಕ್ಕೆ ಹಣೆಗೆ ಟವೆಲ್ ಕಟ್ಟಿಕೊಳ್ಳುತ್ತೇನೆ.

ಇನ್ನು ಫಿಲ್ಮ್. ಈ ಅಳತೆಯದು ಅಂಗಡಿಗಳಲ್ಲಿ ಸಿಗುವುದು ಅಪರೂಪ. 8 × 10 ಇಂಚಿನದು ತರಿಸಿದರೆ ಒಂದೊಂದು ಹಾಳೆಯ ಬೆಲೆಯೂ ಎದೆ ನಡುಗಿಸುತ್ತದೆ. ಆಸ್ಪತ್ರೆಗೆ ಬೇಕಾದ ಎಕ್ಸ್-ರೇ ಫಿಲ್ಮ್ ಅದೇ 8 × 10ರಲ್ಲಿ ಅಗ್ಗವಾಗಿ ಸಿಗುತ್ತದೆ. ಕೆಂಪು ದೀಪ ಹಚ್ಚಿಕೊಂಡೇ ಅದನ್ನು ಕತ್ತರಿಸಬಹುದು, ತೊಳೆಯಬಹುದು. ಚಿತ್ರ ಮೂಡುವುದು ಕಣ್ಣೆದುರಿಗೇ ಕಾಣುತ್ತದೆ. ಎರಡೂ ಬದಿಗೆ ರಾಸಾಯನಿಕ ಲೇಪ ಇರುವುದರಿಂದ ಸುಲಭವಾಗಿ ಗೀರು ಬೀಳುತ್ತದೆ. ಗಾಜಿನ ತಟ್ಟೆಯಲ್ಲಿ ಒಂದೊಂದೇ ಹಾಳೆ ತೊಳೆದರೆ ಅದೂ ಸರಿಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರು ಮೂವತ್ತು ಡಿಗ್ರಿ ದಾಟಿರುತ್ತದೆ, ಆ ಬಿಸಿಗೆ ಲೇಪ ಮೆತ್ತಗಾಗುತ್ತದೆ. ಹಾಗಾಗಿ ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಕಲಸಲು ಮಡಕೆಯ ನೀರು, ತಟ್ಟೆಯ ಸುತ್ತ ಐಸ್. ಇಷ್ಟು ಕಲಿತ ಮೇಲೆ ನಾನು ಗೆದ್ದೆ ಎಂದುಕೊಂಡಿದ್ದೆ.

ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ದೀಪದಲ್ಲಿ ತೊಳೆಯಲು ಸಾಧ್ಯವಾಗುವುದೂ ಅದರಿಂದಲೇ. ಈ ವಿಷಯ ನನಗೆ ತಿಳಿದಿತ್ತು. ಅದು ಅನುಕೂಲ ಎಂದಷ್ಟೇ ತಿಳಿದಿತ್ತು.

ಕರಕುಶಲ ಕಲೆಗಳ ಪ್ರದರ್ಶನವೊಂದಕ್ಕೆ ಬಣ್ಣದ ಮರದ ಬೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಫೋಟೊ ಬೇಕಿತ್ತು, ಆಳೆತ್ತರದ ಮುದ್ರಣಗಳು. ದೊಡ್ಡ ನೆಗೆಟಿವ್ ಆದರೆ ಕುಂಚದ ಒಂದೊಂದು ಎಳೆಯೂ ಉಳಿಯುತ್ತದೆ ಎಂದು ನಾನೇ ಮುಂದೆ ಬಿದ್ದು ಕೆಲಸ ಒಪ್ಪಿಕೊಂಡೆ. ಹಿರಿಯ ದಂಪತಿಯ ಮನೆ. ಅಜ್ಜ ಹಗುರಾದ ಪೊಳಕಿ ಮರದಲ್ಲಿ ಗೌರಿಯನ್ನು ಕೆತ್ತಿ ಬಣ್ಣ ಹಚ್ಚಿದ್ದರು. ಅಜ್ಜಿ ಪಕ್ಕದಲ್ಲಿ ಕುಳಿತು ಬಣ್ಣ ಕಲಸುತ್ತಿದ್ದರು. ಅಂಗಳದ ನೆರಳಿನಲ್ಲಿ ಇಬ್ಬರನ್ನೂ ಕೂರಿಸಿ, ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ಸಣ್ಣದು ಮಾಡಿ, ಮುಚ್ಚಳ ತೆಗೆದು “ಒಂದು” ಎಂದು ಎಣಿಸಿ ಮುಚ್ಚಿದೆ. ಆಮೇಲೆ ಪಡಸಾಲೆಯಲ್ಲಿ ಗೌರಿಯದೊಂದು. ಅಲ್ಲಿ ಬೆಳಕು ಅಳೆಯುವ ಮೀಟರ್ ನಾಲ್ಕು ಸೆಕೆಂಡ್ ಹೇಳಿತು. ಬೊಂಬೆ ಹತ್ತಿರ ಇದ್ದುದರಿಂದ ಹತ್ತು ಇಂಚಿನ ಲೆನ್ಸಿಗೆ ತಿದಿಯನ್ನು ಹದಿಮೂರೂ ಕಾಲು ಇಂಚಿನವರೆಗೆ ಎಳೆದಿದ್ದೆ. ತಿದಿ ಉದ್ದವಾದಷ್ಟೂ ಫಿಲ್ಮಿಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಹದಿಮೂರೂ ಕಾಲನ್ನು ಹತ್ತರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.75. ಹಾಗಾಗಿ ನಾಲ್ಕರ ಬದಲು ಏಳು ಸೆಕೆಂಡ್ ಕೊಟ್ಟೆ. ಲೆಕ್ಕ ಎಲ್ಲವೂ ಸರಿಯಿತ್ತು.

ಪ್ರದರ್ಶನದವರಿಗೆ ಫೋಟೊ ಬಹಳ ಹಿಡಿಸಿತು. ನೂರು ವರ್ಷ ಹಳೆಯದರಂತೆ ಕಾಣುತ್ತದೆ ಎಂದರು. ಆ ಹೊಗಳಿಕೆ ಹೊತ್ತುಕೊಂಡೇ ನಾನು ಕಿನ್ನಾಳಕ್ಕೆ ಒಂದು ಪ್ರತಿ ಕೊಡಲು ಹೋದದ್ದು.

ಅಜ್ಜಿ ಬೋರಲು ಹಾಕಿದ ಮೇಲೆ ನಾನು ಅದನ್ನೆತ್ತಿ ಮೊದಲ ಸಲ ಸರಿಯಾಗಿ ನೋಡಿದೆ. ಹಣೆಯ ತುಂಬ ಇಟ್ಟ ಕುಂಕುಮ ಹೆಪ್ಪುಗಟ್ಟಿದ ಮಸಿಯಂತಿತ್ತು. ತುಟಿ ಕಪ್ಪು. ಕಂದು ಮೈಬಣ್ಣದಲ್ಲಿ ಕೆಂಪಿನ ಅಂಶ ಇರುವುದರಿಂದ ಇಬ್ಬರ ಮುಖವೂ ಇದ್ದುದಕ್ಕಿಂತ ಎಷ್ಟೋ ಕಪ್ಪಾಗಿ, ಸುಕ್ಕುಗಳೆಲ್ಲ ಉಳಿಯಿಂದ ಕೊರೆದಂತೆ ಕಾಣುತ್ತಿದ್ದವು. ಗೌರಿಯ ಸೀರೆ ಕಡುಗೆಂಪು. ಫೋಟೊದಲ್ಲಿ ಅವಳು ಕರಿ ಸೀರೆ ಉಟ್ಟು ಕೂತಿದ್ದಳು. ಮುತ್ತೈದೆಗೆ ಕರಿ ಕುಂಕುಮ, ಗೌರಿಗೆ ಕರಿ ಸೀರೆ. ನಮ್ಮಲ್ಲಿ ಅದರ ಅರ್ಥವೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನೂ ಇದೇ ಮಣ್ಣಿನವಳು. ಆದರೂ ಕಂಡಿರಲಿಲ್ಲ. ಕಪ್ಪು-ಬಿಳುಪಿನ ಸೊಗಸು ಕಣ್ಣು ಕಟ್ಟಿತ್ತು.

ಮನೆಗೆ ಬಂದು ಹಳೆಯದನ್ನೆಲ್ಲ ಓದಿದೆ. ಹೊಳೆಯಾಚೆಯ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದ. ಒಂದೊಂದೂ ಸುಮಾರು 16 × 18 ಇಂಚು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದರು. ಗ್ರೀನ್‌ಲಾನ ಕಾಗದವೂ ಕೆಂಪನ್ನು ಕಾಣದ್ದೇ. ಕಲ್ಲಿನ ಮಂಟಪಗಳಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಫಿಲ್ಮಿಗೆ ಹಸಿರನ್ನು ಕಾಣಿಸುವ ದಾರಿಯನ್ನು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡ. ಕೆಂಪೂ ಸೇರಿ ಎಲ್ಲ ಬಣ್ಣ ಕಾಣುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ. ಅಂದರೆ ಕುಂಕುಮವನ್ನು ಕುಂಕುಮವಾಗಿ ತೋರಿಸುವ ಸಾಧನ ನೂರು ವರ್ಷಕ್ಕೂ ಹಿಂದೆಯೇ ಬಂದಿದೆ. ನಾನು ಹಣ ಉಳಿಸಲು ಅದಕ್ಕೂ ಹಿಂದಿನ ಕಾಲಕ್ಕೆ ಹೋಗಿ, ಆ ಅಜ್ಜಿಯನ್ನೂ ಜೊತೆಗೆ ಎಳೆದುಕೊಂಡು ಹೋಗಿದ್ದೆ.

ನನ್ನ ಖರ್ಚಿನಲ್ಲೇ ಮತ್ತೆ ತೆಗೆಯುತ್ತೇನೆ, ಮೊದಲಿನದನ್ನು ಬಳಸಬೇಡಿ ಎಂದು ಪ್ರದರ್ಶನದವರಿಗೆ ಹೇಳಿದೆ. ಅವರು ಗೊಣಗಿದರು, ಒಪ್ಪಿದರು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ತರಿಸಿದೆ. ಎಲ್ಲ ಬಣ್ಣವೂ ಕಾಣುವ ಫಿಲ್ಮನ್ನು ಕತ್ತರಿಸಲು ಯಾವ ದೀಪವೂ ಹಚ್ಚುವಂತಿಲ್ಲ. ಬಡಿಗೇರರ ಹತ್ತಿರ ಮರದ ಅಚ್ಚೊಂದು ಮಾಡಿಸಿ, ಕೆಟ್ಟ ಎಕ್ಸ್-ರೇ ಹಾಳೆಗಳ ಮೇಲೆ ಕಣ್ಣು ಮುಚ್ಚಿಕೊಂಡು ಒಂದು ವಾರ ಕೈ ಪಳಗಿಸಿದ ಮೇಲೆಯೇ ನಿಜವಾದ ಹಾಳೆಗೆ ಕತ್ತಿ ಇಟ್ಟೆ.

ಈ ಸಲ ಕ್ಯಾಮೆರಾ ಬಿಚ್ಚುವ ಮೊದಲು ಅಜ್ಜನನ್ನು ಕೇಳಿದೆ. “ಅಜ್ಜಾರೇ, ಈ ಬೊಂಬೆಯಲ್ಲಿ ಕಣ್ಣಿಗೆ ಮೊದಲು ಯಾವುದು ಬೀಳಬೇಕು?”

“ಮುಖ” ಎಂದರು. “ಆಮೇಲೆ ಸೀರೆ. ಕುಪ್ಪಸ ಹಿಂದೆ ಉಳಿಯಬೇಕು.”

ಕುಪ್ಪಸ ಹಸಿರು. ಫಿಲ್ಟರ್, ಅಂದರೆ ಲೆನ್ಸಿಗೆ ಹಾಕುವ ಬಣ್ಣದ ಗಾಜು, ಇಲ್ಲದೆ ತೆಗೆದ ಮೊದಲ ಹಾಳೆಯಲ್ಲಿ ಕೆಂಪೂ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿದ್ದವು. ಹಸಿರು ಫಿಲ್ಟರ್ ಹಾಕಿದರೆ ಕುಪ್ಪಸ ಬೆಳಗಿ ಸೀರೆ ಕಪ್ಪಾಗುತ್ತಿತ್ತು, ಮತ್ತದೇ ತಪ್ಪು. ಕಿತ್ತಳೆ ಫಿಲ್ಟರ್ ಹಾಕಿದೆ. ಅದು ತನ್ನ ಬಣ್ಣಕ್ಕೆ ಹತ್ತಿರದ ಕೆಂಪನ್ನು ಒಳಗೆ ಬಿಟ್ಟು ಹಸಿರನ್ನು ತಡೆಯುತ್ತದೆ. ಅದಕ್ಕೆ ನಾಲ್ಕು ಪಟ್ಟು ಬೆಳಕು ಕೊಡಬೇಕು. ತಿದಿಯ ಲೆಕ್ಕವೂ ಸೇರಿ ಹನ್ನೊಂದು ಸೆಕೆಂಡ್ ಬಂತು. ಇಷ್ಟು ದೀರ್ಘ ಹೊತ್ತಿನಲ್ಲಿ ಫಿಲ್ಮಿನ ಗ್ರಹಣಶಕ್ತಿ ಕುಗ್ಗುತ್ತದೆ ಎಂದು ಇಪ್ಪತ್ತರವರೆಗೆ ಎಣಿಸಿದೆ. ಪಡಸಾಲೆಯಲ್ಲಿ ಯಾರೂ ಮಿಸುಕಲಿಲ್ಲ. ಬೊಂಬೆಯೊಂದನ್ನು ಬಿಟ್ಟು ಉಳಿದವರು ಅಲ್ಲಾಡಿದರೆ ಏನೂ ಆಗುತ್ತಿರಲಿಲ್ಲ. ಆದರೂ ಮೊಮ್ಮಕ್ಕಳು ಸಹಿತ ಉಸಿರು ಬಿಗಿಹಿಡಿದಿದ್ದರು.

ಅಜ್ಜಿಯ ಫೋಟೊವನ್ನು ಅಂಗಳದಲ್ಲೇ ಮತ್ತೆ ತೆಗೆದೆ, ಹಳದಿ ಫಿಲ್ಟರ್ ಮಾತ್ರ ಹಾಕಿ. ಕಿತ್ತಳೆ ಹಾಕಿದ್ದರೆ ಕುಂಕುಮ ಹಣೆಯ ಬಣ್ಣದಲ್ಲೇ ಕರಗಿಹೋಗುವ ಭಯವಿತ್ತು. ಕುಂಕುಮ ಹಣೆಯಿಂದ ಬೇರೆಯಾಗಿ ಕಾಣಬೇಕು, ಮಸಿಯಾಗಬಾರದು. ಆ ನಡುವಿನ ಬೂದು ಸಿಗಲು ಮೂರು ಹಾಳೆ ಬೇಕಾದವು.

ವಾರದ ನಂತರ ಎಲ್ಲ ಮುದ್ರಣಗಳನ್ನೂ ಒಯ್ದೆ, ಕೆಟ್ಟವನ್ನೂ ಸೇರಿಸಿ. ಅಜ್ಜಿ ತಮ್ಮದನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು. ಏನೂ ಹೇಳಲಿಲ್ಲ. ಅಜ್ಜ ಮಾತ್ರ ಗೌರಿಯ ಎರಡು ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ಕುಳಿತರು. ಫಿಲ್ಟರ್ ಇಲ್ಲದ, ಸೀರೆಯೂ ಕುಪ್ಪಸವೂ ಒಂದೇ ಆಗಿಹೋದ ಹಾಳೆಯ ಮೇಲೆ ಬೆರಳಿಟ್ಟರು.

“ಇದನ್ನು ನನಗೆ ಕೊಡು ತಂಗಿ.”

“ಅದು ಕೆಟ್ಟಿದೆ ಅಜ್ಜಾರೇ. ಕೆಂಪೂ ಹಸಿರೂ ಬೇರೆಯಾಗಿಲ್ಲ.”

“ಅದಕ್ಕೇ ಬೇಕು. ಎರಡೂ ಒಂದೇ ತೂಕದ ಬಣ್ಣ ಎಂದು ನನ್ನ ಕೈಗೆ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ನಾನು ಎರಡರ ನಡುವೆ ಹಳದಿ ಗೆರೆ ಎಳೆಯುವುದು ಯಾಕೆ ಅಂದುಕೊಂಡೆ?”

ನಾನು ಬಗ್ಗಿ ನೋಡಿದೆ. ಬೂದು ಬಣ್ಣದ ನಡುವೆ, ಕೂದಲೆಳೆಯಷ್ಟು ತೆಳ್ಳಗೆ, ಬೆಳ್ಳಗೆ, ಆ ಗೆರೆ ಇತ್ತು. ಮಸುಕು ಗಾಜಿನಲ್ಲಿ ಅಷ್ಟು ಹೊತ್ತು ನೋಡಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.