ಸೂಜಿ ಹಿಡಿಯದೆ ಚೀಲಕ್ಕೆ ಪ್ಯಾಚ್ ಕೂರಿಸಬಹುದಾ?

ನಾನು ದಿನಾ ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ ಚೀಲದ ಮೇಲೆ ಒಂದು ಹಸಿರು ಗಿಣಿ ಇದೆ. ಎಂಬ್ರಾಯ್ಡರಿ ಮಾಡಿದ ಪ್ಯಾಚ್. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ: "ನಂಗೆ ಹೊಲಿಗೆ ಬರಲ್ಲ, ಸುಮ್ನೆ ಅಂಟಿಸೋಕಾಗುತ್ತಾ? ಯಾವ ಗಮ್ಮು ಒಳ್ಳೇದು?"

ಅಂಟಿಸಬಹುದು. ನನ್ನ ಗಿಣಿಗೂ ಒಂದು ಹೊಲಿಗೆ ಹಾಕಿಲ್ಲ. ಆದರೆ ಗಮ್ಮಿನ ಮಾತು ಆಮೇಲೆ. ಚೀಲ ಯಾವ ಬಟ್ಟೆಯದು ಅಂತ ನಾನು ಮೊದಲು ತಿರುಗಿ ಕೇಳುತ್ತೇನೆ.

ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುವ ಚೀಲಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಬಟ್ಟೆಯೇ ಅಲ್ಲ. ಮುಟ್ಟಿದರೆ ಬಟ್ಟೆಯ ಹಾಗಿರುತ್ತವೆ. ಬೆಳಕಿಗೆ ಹಿಡಿದು ನೋಡಿ, ನೇಯ್ದ ಎಳೆ ಕಾಣುವುದಿಲ್ಲ. ಸಣ್ಣ ಸಣ್ಣ ಚುಕ್ಕಿ ಒತ್ತಿದ ಗುರುತು ಇರುತ್ತದೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಸುಮಾರು 160 ಡಿಗ್ರಿಗೆ ಕರಗುತ್ತದೆ. ಬಿಸಿಗೆ ಅಂಟುವ ಪ್ಯಾಚ್ ಕೂರಿಸೋಣ ಅಂತ ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್‌ಗೆ ಇಟ್ಟರೆ ಶಾಖ ಸುಮಾರು 200 ಡಿಗ್ರಿ. ತಾಗಿಸಿದರೆ ತೂತು ಬಿತ್ತು ಅಂತಲೇ ಲೆಕ್ಕ. ಗಮ್ಮೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅಂಥ ಚೀಲಕ್ಕೆ ಒಳಗಿನಿಂದ ಸೇಫ್ಟಿ ಪಿನ್ ಹಾಕಿಬಿಡಿ.

ನೇಯ್ದ ಬಟ್ಟೆಯೇ, ಆದರೆ ಹತ್ತಿಯೋ ಅಲ್ವೋ ಅಂತ ಅನುಮಾನವಾ? ಅಂಚಿನಿಂದ ಒಂದು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲಿಟ್ಟು ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಆದರೆ ಎಳೆ ಮುದುಡಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಆರಿದ ಮೇಲೇ ಮುಟ್ಟಿ.

ಹತ್ತಿ ಅಥವಾ ಕ್ಯಾನ್ವಾಸ್ ಚೀಲವಾದರೆ ಇಸ್ತ್ರಿ ಹಾಕಿ ಅಂಟಿಸುವ ಪ್ಯಾಚ್ ತನ್ನಿ. ನಾನು ತರುವುದು ಬೆಂಗಳೂರಿನ ಅವೆನ್ಯೂ ರಸ್ತೆಯ ಲೇಸು, ಗುಂಡಿ ಅಂಗಡಿಗಳಿಂದ. ಪ್ಯಾಚ್ ತಿರುಗಿಸಿದರೆ ಹಿಂದೆ ಹೊಳೆಯುವ ತೆಳು ಪದರ ಕಾಣುತ್ತದೆ. ಅದೇ ಅಂಟು. ಬಿಸಿಗೆ ಕರಗಿ ಎಳೆಗಳ ನಡುವೆ ಇಳಿಯುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ಹೊಸ ಕೋರಾ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಅಂಟು ಎಳೆಗೆ ಹಿಡಿಯದೆ ಗಂಜಿಗೆ ಹಿಡಿಯುತ್ತದೆ. ಬಟ್ಟೆಯೂ ಆಮೇಲೆ ಕುಗ್ಗಿ ಪ್ಯಾಚಿನ ಸುತ್ತ ಸುಕ್ಕು ಬೀಳುತ್ತದೆ.

ಹಾಸಿಗೆ ಮೇಲೆ ಬೇಡ, ಗಟ್ಟಿ ಮೇಜಿನ ಮೇಲೆ ಮಾಡಿ. ಸ್ಟೀಮ್ ಆಫ್ ಇರಲಿ. ಪ್ಯಾಚ್ ಮೇಲೆ ತೆಳು ಕರ್ಚೀಫು ಹಾಸಿ, 30 ಸೆಕೆಂಡ್ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಉಜ್ಜಿದರೆ ಪ್ಯಾಚ್ ಜಾರುತ್ತದೆ. ಆಮೇಲೆ ಚೀಲದ ಒಳಮಗ್ಗುಲು ಹೊರಗೆ ಮಾಡಿ ಹಿಂದಿನಿಂದ ಇನ್ನೊಮ್ಮೆ ಒತ್ತಿ. ಇದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ದಪ್ಪ ಎಂಬ್ರಾಯ್ಡರಿ ದಾಟಿ ಮೇಲಿನ ಬಿಸಿ ಅಂಟಿನವರೆಗೆ ಇಳಿಯುವುದು ಕಷ್ಟ. ಪೂರ್ತಿ ಆರುವ ತನಕ ಉಗುರಿನಲ್ಲಿ ಮೂಲೆ ಎಬ್ಬಿಸಿ ನೋಡಲೇಬೇಡಿ.

ನೈಲಾನ್ ಚೀಲಕ್ಕೆ ಬಟ್ಟೆಗೆಂದೇ ಸಿಗುವ ಫ್ಯಾಬ್ರಿಕ್ ಗ್ಲೂ ಸಾಕು. ತೆಳ್ಳಗೆ ಹಚ್ಚಿ, ರಾತ್ರಿಯಿಡೀ ದಪ್ಪ ಪುಸ್ತಕ ಹೇರಿ ಇಡಿ. ಎರಡು ಮೂರು ದಿನ ನೀರು ತಾಗಿಸಬೇಡಿ. ಮರಕ್ಕೆ ಹಚ್ಚುವ ಬಿಳಿ ಅಂಟು ಒಗೆತಕ್ಕೆ ನಿಲ್ಲುವುದಿಲ್ಲ.

ಒಂದು ಹನಿಯಲ್ಲಿ ಅಂಟುವ ಇನ್‌ಸ್ಟಂಟ್ ಗಮ್ಮನ್ನು ದಯವಿಟ್ಟು ಹತ್ತಿ ಬಟ್ಟೆಗೆ ಹಾಕಬೇಡಿ. ನಾನು ಹಾಕಿದ್ದೇನೆ. ಕ್ಷಣದಲ್ಲಿ ಹೊಗೆ ಎದ್ದಿತು, ಬೆರಳಿಗೆ ಬೊಬ್ಬೆ ಬಂತು. ಹತ್ತಿ ತಾಗಿದರೆ ಆ ಗಮ್ಮು ತುಂಬಾ ಬೇಗ ಗಟ್ಟಿಯಾಗುತ್ತದೆ, ಆ ವೇಗಕ್ಕೇ ಬಿಸಿ ಏಳುತ್ತದೆ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಇಷ್ಟು ಹೇಳಿದ ಮೇಲೂ ಎರಡಕ್ಕೆ ಮಾತ್ರ ನಾನು ಗಮ್ಮು ಬೇಡ ಎನ್ನುತ್ತೇನೆ. ಲಂಬಾಣಿ ಕನ್ನಡಿ ಕೆಲಸದ ತುಂಡು, ಮತ್ತೆ ಹಳೇ ಇಳಕಲ್ ಸೀರೆಯಿಂದ ಉಳಿಸಿಕೊಂಡ ಕಸೂತಿ. ಎಳೆ ಎಣಿಸಿ, ಗಂಟು ಹಾಕದೆ ಮಾಡಿದ ಕೆಲಸ ಕಸೂತಿ. ಗಮ್ಮು ಒಳಗೆ ಇಳಿದರೆ ಅದು ಹಪ್ಪಳದ ಹಾಗೆ ಬಿರುಸಾಗುತ್ತದೆ, ಮತ್ತೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಹೋದ ವರ್ಷ ಪಕ್ಕದ ಬೀದಿಯ ಹುಡುಗಿಯೊಬ್ಬಳು ಅಜ್ಜಿಯ ಸೀರೆಯ ತೇರಿನ ಕಸೂತಿ ತಂದು, "ಆಂಟಿ, ಇದನ್ನ ಅಂಟಿಸಿಕೊಡಿ" ಅಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಜಿ ಪೋಣಿಸಿ ಕೈಗೆ ಕೊಟ್ಟೆ. ಸುತ್ತಲೂ ಸಾದಾ ಹೊಲಿಗೆ, 20 ನಿಮಿಷದ ಕೆಲಸ. ಕೊನೆಯ ಗಂಟನ್ನು ಅವಳೇ ಹಾಕಿ, ದಾರ ಕತ್ತರಿಸಿದಳು.