ಗೋಡೆ ಸರಿದ ಹೊತ್ತು

ಇವತ್ತು ಮೊದಲ ಸಲ ದೊಡ್ಡದೊಂದು ಸಮಾವೇಶ ಕೇಂದ್ರದಲ್ಲಿ ಇಡೀ ದಿನ ಕಳೆದೆ. ಬೆಳಗ್ಗೆ ಸಾವಿರಾರು ಜನ ಕೂತಿದ್ದ ಸಭಾಂಗಣ ಮಧ್ಯಾಹ್ನದ ಹೊತ್ತಿಗೆ ಮೂರು ಕೋಣೆಗಳಾಗಿತ್ತು. ಚಾವಣಿಯ ಹಳಿಗೆ ತೂಗುಹಾಕಿದ ಗೋಡೆಗಳನ್ನು ನಾಲ್ಕೈದು ಜನ ತಳ್ಳಿಕೊಂಡು ಬಂದು ಸೇರಿಸಿಬಿಟ್ಟರು. ಪಕ್ಕದ ಕೋಣೆಯ ಮೈಕಿನ ಸದ್ದೂ ಇತ್ತ ಬರಲಿಲ್ಲ. ಭಾಷಣಕ್ಕಿಂತ ಅದನ್ನೇ ಜಾಸ್ತಿ ನೋಡಿದೆ.

ಇಷ್ಟು ದುಡ್ಡು ಸುರಿದು ಇಂಥ ಕಟ್ಟಡ ಯಾಕೆ ಅಂತ ಕೇಳುವವರಿದ್ದಾರೆ. ಬಂದವರು ಹೋಟೆಲ್, ಟ್ಯಾಕ್ಸಿ, ಊಟಕ್ಕೆ ಖರ್ಚು ಮಾಡುತ್ತಾರೆ, ನಗರಕ್ಕೆ ಆದಾಯ. ಅದು ಸರಿಯೇ. ಆದರೆ ನನಗೆ ನೆನಪಾಗುವುದು 2020ರ ಕೊರೊನಾ ಕಾಲ. ಲಂಡನ್ನಿನ ಎಕ್ಸೆಲ್, ನ್ಯೂಯಾರ್ಕಿನ ಜಾವಿಟ್ಸ್ ಸೆಂಟರ್ ಎಂಬ ಇಂಥದ್ದೇ ಕೇಂದ್ರಗಳು ಕೆಲವೇ ದಿನಗಳಲ್ಲಿ ಆಸ್ಪತ್ರೆಗಳಾದವು. ವಿಶಾಲ ಜಾಗ, ಲಾರಿ ಬಂದು ನಿಲ್ಲುವ ದಾರಿ, ಬೇಕಾದಷ್ಟು ಕರೆಂಟು ಎಲ್ಲ ಮೊದಲೇ ಇತ್ತಲ್ವಾ? 1979ರಲ್ಲಿ ಶುರುವಾದ ಬರ್ಲಿನ್ನಿನ ಐಸಿಸಿ ಎಂಬ ಸಮಾವೇಶ ಕೇಂದ್ರ 2014ರಲ್ಲಿ ಮುಚ್ಚಿತು. ಮುಚ್ಚಿದ ಮೇಲೂ ಅದು ನಿರಾಶ್ರಿತರಿಗೆ ತಂಗಲು ಜಾಗ ಕೊಟ್ಟಿತು. ಅದನ್ನು ಓದಿದಾಗ ಕಣ್ಣು ತುಂಬಿ ಬಂದಿತ್ತು.

ಸಂಜೆ ಹೊರಡುವಾಗ ತಿರುಗಿ ನೋಡಿದೆ. ಗೋಡೆಗಳು ಮತ್ತೆ ಮೂಲೆ ಸೇರಿದ್ದವು. ಒಬ್ಬರು ಒಂದೊಂದೇ ಕುರ್ಚಿ ಎತ್ತಿ ಜೋಡಿಸುತ್ತಿದ್ದರು, ನಾಳೆ ಬರುವವರಿಗೆ.